ಪರದೆಯ ಮೇಲೆ ಕನ್ನಡ, ಕಿವಿಗೆ ಕಲಸುಮೇಲೋಗರ: ಪಿಡಿಎಫ್ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ ಜಿಲ್ಲೆಯ ಸಹಕಾರ ಸಂಘಗಳು, ಕಾಲೇಜುಗಳು, ಪಂಚಾಯಿತಿ ಕಚೇರಿಗಳಲ್ಲಿ ಕಡತ ತಯಾರಿಸುವವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ: “ಪಿಡಿಎಫ್‌ಗೆ ಟ್ಯಾಗ್ ಹಾಕಿದ್ದೇವೆ, ಪರೀಕ್ಷಕದಲ್ಲಿ ಎಲ್ಲವೂ ಹಸಿರು ಬಂದಿದೆ, ಆದರೂ ಸ್ಕ್ರೀನ್ ರೀಡರ್ ಏನೇನೋ ಓದುತ್ತದೆ.” ಸ್ಕ್ರೀನ್ ರೀಡರ್ ಎಂದರೆ ಪರದೆಯ ಬರಹವನ್ನು ಅಂಧರಿಗೆ ಓದಿ ಹೇಳುವ ತಂತ್ರಾಂಶ. ಟ್ಯಾಗ್ ಎಂದರೆ ಇದು ತಲೆಬರಹ, ಇದು ಕೋಷ್ಟಕ ಎಂದು ಕಡತದೊಳಗೆ ಹಾಕುವ ಗುರುತು. ಅವು ಸರಿಯಾಗಿವೆಯೇ ಎಂದು ನೋಡುವ ತಂತ್ರಾಂಶ ಪರೀಕ್ಷಕ. ಇವರು ಕೆಲಸ ಮಾಡಿಲ್ಲವೆಂದಲ್ಲ, ಕೆಲಸದ ಕ್ರಮ ತಲೆಕೆಳಗಾಗಿದೆ. ಅಕ್ಷರವೇ ಸರಿಯಿಲ್ಲದ ಕಡತಕ್ಕೆ ಎಷ್ಟು ಟ್ಯಾಗ್ ಹಾಕಿದರೂ ಪ್ರಯೋಜನವಿಲ್ಲ. ಮೊದಲು ಅಕ್ಷರ, ಆಮೇಲೆ ಭಾಷೆ, ಆಮೇಲೆ ರಚನೆ, ಕೊನೆಗೆ ಪರೀಕ್ಷಕ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ. ನಡುವಿನ ಹಂತದಿಂದ ಆರಂಭಿಸಬೇಡಿ.

ಉದಾಹರಣೆಗಾಗಿ ಮಲೆನಾಡಿನವರಿಗೆ ಗೊತ್ತಿರುವ ಒಂದು ಕಡತವನ್ನೇ ಇಟ್ಟುಕೊಳ್ಳೋಣ: ಅಡಿಕೆಯ ಕೊಳೆರೋಗಕ್ಕೆ ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಸಿಂಪಡಿಸುವ ಬಗ್ಗೆ ಎರಡು ಪುಟದ ಸೂಚನಾಪತ್ರ. ಒಂದು ಪುಟದಲ್ಲಿ ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಪ್ರಮಾಣ. ಇನ್ನೊಂದು ಪುಟದಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಧಾರಣೆಯ ಕೋಷ್ಟಕ. ತೋಟವಿರುವ ಅಂಧ ಓದುಗರೊಬ್ಬರಿಗೆ ಈ ಪತ್ರ ತಪ್ಪಾಗಿ ಕೇಳಿಸಿದರೆ ಆಗುವ ನಷ್ಟ ಎಷ್ಟೆಂದು ನಾನು ಹೇಳಬೇಕಾಗಿಲ್ಲ.

## ಬೇಕಾಗುವ ಸಾಮಾನು

ವಿಂಡೋಸ್ ಕಂಪ್ಯೂಟರ್, ಅಕ್ರೊಬ್ಯಾಟ್ ರೀಡರ್, ನೋಟ್‌ಪ್ಯಾಡ್, ವರ್ಡ್ ಅಥವಾ ಲಿಬ್ರೆ ಆಫೀಸ್. ಉಚಿತವಾಗಿ ಸಿಗುವ ಎನ್‌ವಿಡಿಎ ಸ್ಕ್ರೀನ್ ರೀಡರ್. ಅದರ ಜೊತೆಗೇ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ. ಉಚ್ಚಾರ ಸ್ವಲ್ಪ ಒರಟು, ಆದರೆ ತಪ್ಪು ಹಿಡಿಯಲು ಅಷ್ಟು ಸಾಕು. ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತಕ್ಕೆ, ತಿರುಗಿಸುವ ಪರಿವರ್ತಕ ಒಂದು ಬೇಕು. ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳ ಜೊತೆಗೆ ಅದು ಬರುತ್ತದೆ, ಬಿಡಿಯಾಗಿಯೂ ಸಿಗುತ್ತದೆ. ಪಿಡಿಎಫ್ ಪರೀಕ್ಷಿಸಲು ಪ್ಯಾಕ್ ಎಂಬ ಉಚಿತ ತಂತ್ರಾಂಶವಿದೆ. ಹಣ ಕೊಟ್ಟು ಕೊಳ್ಳುವ ಅಕ್ರೊಬ್ಯಾಟ್ ಪ್ರೊ ಇದ್ದರೆ ಅನುಕೂಲ, ಇಲ್ಲದಿದ್ದರೂ ಹೆಚ್ಚಿನ ಕೆಲಸ ನಡೆಯುತ್ತದೆ.

ಇವೆಲ್ಲವನ್ನೂ ಮೊದಲೇ ಇಳಿಸಿಟ್ಟುಕೊಳ್ಳಿ. ಆಗುಂಬೆ, ಹೊಸನಗರದ ಕಡೆ ಮಳೆ ಹಿಡಿದರೆ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುತ್ತವೆ. ಅಂತರ್ಜಾಲವನ್ನೇ ನಂಬಿದ ಪರಿವರ್ತಕದಿಂದ ಅಂದು ಕೆಲಸವಾಗುವುದಿಲ್ಲ.

## ಹಂತ 1: ಒಂದು ಸಾಲು ನಕಲಿಸಿ, ರೋಗ ಗುರುತಿಸಿ

ಪಿಡಿಎಫ್ ತೆರೆದು ಒಂದು ಸಾಲನ್ನು ಆಯ್ದು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿ. ಸ್ಕ್ರೀನ್ ರೀಡರ್ ಓದುವುದು ಪರದೆಯ ಚಿತ್ರವನ್ನಲ್ಲ, ಅದರ ಹಿಂದಿರುವ ಅಕ್ಷರ ಸಂಕೇತಗಳನ್ನು. ನೋಟ್‌ಪ್ಯಾಡಿನಲ್ಲಿ ಕಾಣುವುದು ಬಹುಮಟ್ಟಿಗೆ ಅದೇ.

ಇಂಗ್ಲಿಷ್ ಅಕ್ಷರಗಳ ಕಸ ಬಂತೇ? ಹಾಗಾದರೆ ಕಡತ ಹಳೆಯ ಆಸ್ಕಿ ಫಾಂಟಿನದು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕೃತಿ ಕೂರಿಸಿದ್ದು. ನುಡಿಯ ಹಳೆಯ ಫಾಂಟಿನಲ್ಲಿ ಬರೆದ “ಶಿವಮೊಗ್ಗ” ಎಂಬ ಪದವನ್ನು ನಕಲಿಸಿ ನೋಡಿ. ಮೊದಲಿಗೆ ಬರುವುದು ಗಣಿತದಲ್ಲಿ ವರ್ಗ ಸೂಚಿಸಲು ಬರೆಯುವ ಮೇಲೇರಿದ ಪುಟ್ಟ ಎರಡು, ಅದೇ “ಶಿ”. ಆಮೇಲೆ ಅಡಿಗೆರೆಯ ಪುಟ್ಟ ಎ ಮತ್ತು ತಲೆಯ ಮೇಲೆ ಗೀಟಿರುವ ದೊಡ್ಡ ಎ, ಎರಡೂ ಸೇರಿ “ವ”. “ಗ್ಗ” ಅಕ್ಷರದ ಜಾಗದಲ್ಲಿ ಇಂಗ್ಲಿಷಿನ ಯು, ಮತ್ತೆ ಗೀಟಿನ ಎ, ಟೊಪ್ಪಿಗೆ ಹಾಕಿದ ಐ. ಕಣ್ಣಿಗೆ ಜಿಲ್ಲೆಯ ಹೆಸರು, ಕಂಪ್ಯೂಟರಿಗೆ ಯುರೋಪಿನ ಅಕ್ಷರಗಳ ಸಾಲು. ಸ್ಕ್ರೀನ್ ರೀಡರ್ ಅದನ್ನೇ ಪ್ರಾಮಾಣಿಕವಾಗಿ ಓದುತ್ತದೆ. ದೋಷ ಅದರದಲ್ಲ. ಖಚಿತಪಡಿಸಿಕೊಳ್ಳಲು ಅಕ್ರೊಬ್ಯಾಟ್ ರೀಡರ್‌ನಲ್ಲಿ ಕಂಟ್ರೋಲ್ ಜೊತೆ ಡಿ ಒತ್ತಿ ಫಾಂಟ್ಸ್ ಪುಟ ನೋಡಿ. ನುಡಿ, ಬಿಆರ್‌ಎಚ್, ಶ್ರೀ ಎಂದು ಆರಂಭವಾಗುವ ಹೆಸರುಗಳಿದ್ದರೆ (ಬಿಆರ್‌ಎಚ್ ಬರಹದ್ದು, ಶ್ರೀ ಶ್ರೀಲಿಪಿಯದು) ಅನುಮಾನಿಸಿ. ಹೆಸರಿನಲ್ಲಿ ಯೂನಿ ಅಥವಾ ಯೂನಿಕೋಡ್ ಎಂದಿದ್ದರೆ ಸಾಮಾನ್ಯವಾಗಿ ಅದು ಹೊಸದು. ಹಳೆಯ ಫಾಂಟೇ ಆಗಿದ್ದರೆ ಮುಂದಿನ ಹಂತ 2, 3 ನಿಮಗಾಗಿ.

ಕನ್ನಡವೇ ಬಂತು, ಆದರೆ ಒತ್ತಕ್ಷರ, ಅರ್ಕಾವೊತ್ತುಗಳು ಸ್ಥಾನ ಬದಲಿಸಿವೆಯೇ? “ಅಕ್ಕಿ” ಎಂಬುದು “ಅಕಿ್ಕ” ಆಗಿದೆ, “ಹಳ್ಳಿ” ಎಂಬುದು “ಹಳಿ್ಳ” ಆಗಿದೆ ಎಂದರೆ ಫಾಂಟ್ ಯೂನಿಕೋಡಿನದೇ, ಪಿಡಿಎಫ್ ತಯಾರಿಸಿದ ದಾರಿ ತಪ್ಪಾಗಿದೆ. ನಾವು ಬರೆಯುವಾಗ ಗುಣಿತವನ್ನು ಮೇಲೆ ಹಾಕಿ ಒತ್ತನ್ನು ಕೆಳಗೆ ಇಡುತ್ತೇವೆ. ಸಂಕೇತಗಳ ಕ್ರಮದಲ್ಲಿ ಒತ್ತು ಮೊದಲು, ಗುಣಿತ ಆಮೇಲೆ. ಆಕೃತಿಗಳನ್ನು ಕಂಡ ಕ್ರಮದಲ್ಲೇ ಹೆಕ್ಕಿದರೆ ಹೀಗಾಗುತ್ತದೆ. ನಿಮಗೆ ಬೇಕಾದದ್ದು ಹಂತ 5.

ಖಾಲಿ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಆಕೃತಿಗೆ ಯಾವ ಅಕ್ಷರವೆಂಬ ನಕ್ಷೆಯೇ ಪಿಡಿಎಫ್ ಒಳಗೆ ಇಲ್ಲ. ಮೂಲ ಕಡತಕ್ಕೆ ಹೋಗಿ ಮತ್ತೆ ತಯಾರಿಸಬೇಕು. ಸಾಲನ್ನು ಆಯ್ಕೆ ಮಾಡಲೇ ಬರದಿದ್ದರೆ ಅದು ಬರೀ ಚಿತ್ರ, ಹಂತ 6ಕ್ಕೆ ಹೋಗಿ.

ನೋಟ್‌ಪ್ಯಾಡಿನಲ್ಲಿ ಎಲ್ಲವೂ ಸರಿಯಾಗಿದ್ದು ಕಿವಿಗೆ ಮಾತ್ರ ತಪ್ಪಾಗಿ ಕೇಳಿಸಿದರೆ ಭಾಷೆ ಅಥವಾ ಓದುವ ಕ್ರಮದ ತೊಂದರೆ. ಹಂತ 4ರಿಂದ ಹಿಡಿಯಿರಿ.

ಎಚ್ಚರಿಕೆ: ಒಂದೇ ಸಾಲು ನೋಡಿ ತೀರ್ಮಾನಿಸಬೇಡಿ. ತಲೆಬರಹ ಒಂದು ಫಾಂಟಿನಲ್ಲಿ, ಒಡಲು ಇನ್ನೊಂದರಲ್ಲಿ, ಕೋಷ್ಟಕ ಮತ್ತೊಂದರಲ್ಲಿ ಇರುವುದು ನಮ್ಮ ಡಿಟಿಪಿ ಕೆಲಸದಲ್ಲಿ ಮಾಮೂಲು. ಮೂರನ್ನೂ ನಕಲಿಸಿ ನೋಡಿ.

## ಹಂತ 2: ಮೂಲ ಕಡತ ತರಿಸಿಕೊಳ್ಳಿ

ಪಿಡಿಎಫ್ ಒಳಗೇ ಅಕ್ಷರ ತಿದ್ದಲು ಹೊರಡುವುದು ಸಮಯ ಹಾಳುಮಾಡುವ ದೊಡ್ಡ ದಾರಿ. ಟೈಪ್ ಮಾಡಿದವರನ್ನು ಕೇಳಿ ವರ್ಡ್, ಪೇಜ್‌ಮೇಕರ್, ಇನ್‌ಡಿಸೈನ್, ಕೋರೆಲ್‌ಡ್ರಾ ಕಡತವನ್ನು ಪಡೆಯಿರಿ. ಸಂಕೋಚ ಬೇಡ. ಕೆಲಸಕ್ಕೆ ಹಣ ಕೊಟ್ಟ ಕಚೇರಿಗೆ ಮೂಲ ಕಡತ ಕೇಳುವ ಹಕ್ಕಿದೆ. ಮುಂದಿನ ಬಾರಿ ಕೆಲಸ ಒಪ್ಪಿಸುವಾಗಲೇ ಈ ಮಾತನ್ನು ಬರೆದುಕೊಳ್ಳಿ.

ಕೋರೆಲ್‌ಡ್ರಾ ಕಡತವಾದರೆ ಒಂದನ್ನು ಮೊದಲೇ ವಿಚಾರಿಸಿ: ಅಕ್ಷರಗಳನ್ನು ಕರ್ವ್ ಮಾಡಿದ್ದಾರೆಯೇ? ಮುದ್ರಣಾಲಯಕ್ಕೆ ಕಳಿಸುವಾಗ ಫಾಂಟ್ ತೊಂದರೆ ಬಾರದಿರಲೆಂದು ಹಾಗೆ ಮಾಡುತ್ತಾರೆ. ಮಾಡಿದ ಮೇಲೆ ಅಕ್ಷರ ಬರೀ ಗೆರೆಯ ಚಿತ್ರ. ಕರ್ವ್ ಮಾಡುವ ಮುಂಚಿನ ಪ್ರತಿಯನ್ನೇ ಕೇಳಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದಿಲ್ಲ, ಆದ್ದರಿಂದ ಅಲ್ಲಿಂದ ಪಠ್ಯವನ್ನು ಹೊರತೆಗೆದು ವರ್ಡ್ ಅಥವಾ ಲಿಬ್ರೆ ಆಫೀಸಿನಲ್ಲಿ ಹೊಸದಾಗಿ ಜೋಡಿಸಬೇಕು. ಇನ್‌ಡಿಸೈನ್ ಆದರೆ ಅಲ್ಲೇ ಮುಂದುವರಿಯಬಹುದು. ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆಯ್ದಿರಬೇಕು, ಇಲ್ಲದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಒಡೆಯುತ್ತವೆ.

## ಹಂತ 3: ಆಸ್ಕಿಯಿಂದ ಯೂನಿಕೋಡಿಗೆ ತಿರುಗಿಸಿ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ತಪ್ಪು, ಫಾಂಟನ್ನು ಮಾತ್ರ ಬದಲಿಸುವುದು. ನುಡಿಯ ಹಳೆಯ ಫಾಂಟ್ ತೆಗೆದು ನಿರ್ಮಲ ಅಥವಾ ನೋಟೊ ಕನ್ನಡ ಎಂಬ ಯೂನಿಕೋಡ್ ಫಾಂಟ್ ಹಾಕಿದರೆ ಪಠ್ಯ ಇಂಗ್ಲಿಷ್ ಕಸವಾಗಿ ಕಾಣುತ್ತದೆ. ಆಗ ಗಾಬರಿಯಾಗಿ ಹಿಂದಕ್ಕೆ ಹೋಗುವವರೇ ಹೆಚ್ಚು. ಆ ಕಸವೇ ಕಡತದ ನಿಜರೂಪ. ಪರಿವರ್ತಕದ ಮೂಲಕ ಹಾಯಿಸಿದ ಮೇಲೆ ಮಾತ್ರ ಹೊಸ ಫಾಂಟ್ ಹಾಕಬೇಕು.

ಎರಡನೆಯ ತಪ್ಪು, ಇಡೀ ಪುಟವನ್ನು ಒಟ್ಟಿಗೆ ಪರಿವರ್ತಕಕ್ಕೆ ಸುರಿಯುವುದು. ಕಡತದಲ್ಲಿ ನಿಜವಾದ ಇಂಗ್ಲಿಷ್ ಪದಗಳಿದ್ದರೆ, ಉದಾಹರಣೆಗೆ ಔಷಧಿಯ ರಾಸಾಯನಿಕ ಹೆಸರು ಅಥವಾ ಇಮೇಲ್ ವಿಳಾಸ, ಪರಿವರ್ತಕ ಅವನ್ನೂ ಕನ್ನಡದ ಚೂರುಗಳಾಗಿ ಮಾಡಿಬಿಡುತ್ತದೆ. ವರ್ಡ್‌ನಲ್ಲಿ ಒಂದೇ ಬಗೆಯ ಫಾಂಟಿನ ಪಠ್ಯವನ್ನು ಒಟ್ಟಿಗೆ ಆಯ್ಕೆ ಮಾಡುವ ಸೌಲಭ್ಯವಿದೆ. ಹಳೆಯ ಕನ್ನಡ ಫಾಂಟಿನಲ್ಲಿರುವ ಭಾಗಗಳನ್ನು ಮಾತ್ರ ಆಯ್ದು ತಿರುಗಿಸಿ. ಪರಿವರ್ತಕದಲ್ಲಿ ಮೂಲ ಫಾಂಟ್ ಯಾವುದೆಂದು ಕೇಳಿದರೆ ಸರಿಯಾದದ್ದನ್ನೇ ಕೊಡಿ. ಶ್ರೀಲಿಪಿಯ ಪಠ್ಯವನ್ನು ನುಡಿಯ ನಕ್ಷೆಯಲ್ಲಿ ತಿರುಗಿಸಿದರೆ ಬರುವುದು ಬೇರೆಯದೇ ಕಸ.

ಮೂರನೆಯದು ಅರ್ಕಾವೊತ್ತು. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತನ್ನು ಕಾಣುವ ಜಾಗದಲ್ಲಿ, ಅಂದರೆ ವ್ಯಂಜನದ ನಂತರ, ಟೈಪ್ ಮಾಡಿರುತ್ತಾರೆ. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಒರಟು ಪರಿವರ್ತಕ ಇದನ್ನು ತಿರುಗಿಸುವುದಿಲ್ಲ. ಫಲವಾಗಿ ಕರ್ನಾಟಕ “ಕನಾರ್ಟಕ” ಆಗುತ್ತದೆ, ಮಾರ್ಗ “ಮಾಗರ್” ಆಗುತ್ತದೆ, ನಮ್ಮ ತೀರ್ಥಹಳ್ಳಿ “ತೀಥರ್ಹಳ್ಳಿ” ಆಗುತ್ತದೆ, ಬೋರ್ಡೋ ದ್ರಾವಣ “ಬೋಡೋರ್” ಆಗಿ ಕೂರುತ್ತದೆ. ಕಣ್ಣು ಇಂಥದ್ದನ್ನು ಅಂದಾಜಿನಲ್ಲಿ ಓದಿ ದಾಟಿಬಿಡುತ್ತದೆ, ಕಿವಿ ದಾಟುವುದಿಲ್ಲ.

ಇದನ್ನು ಒಂದೇ ಏಟಿಗೆ ತಿದ್ದಲು “ರ್” ಹುಡುಕಿ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಲೀಟರ್, ಮೀಟರ್, ಡಾಕ್ಟರ್ ಪದಗಳಲ್ಲಿ ಆ “ರ್” ನ್ಯಾಯವಾಗಿಯೇ ಇದೆ. ಒಂದೊಂದಾಗಿ ಹುಡುಕುತ್ತ ಹೋಗಿ. ಎರಡು ಪುಟದ ಪತ್ರಕ್ಕೆ ಇದು ದೊಡ್ಡ ಕೆಲಸವಲ್ಲ. ದೊಡ್ಡ ಪುಸ್ತಕವಾದರೆ ಒಳ್ಳೆಯ ಪರಿವರ್ತಕ ಹುಡುಕುವುದೇ ಲಾಭ.

ಪರಿವರ್ತಕ ಒಳ್ಳೆಯದೇ ಎಂದು ತಿಳಿಯಲು ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನು ಹಳೆಯ ಫಾಂಟಿನಲ್ಲಿ ಬರೆದು ತಿರುಗಿಸಿ ನೋಡಿ: ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬ, ಶಿಕಾರಿಪುರ. ಅರ್ಕಾವೊತ್ತು, ದೀರ್ಘ, ಸಜಾತಿ ಮತ್ತು ವಿಜಾತಿ ಒತ್ತು, ಒರಟು ಪರಿವರ್ತಕ ಎಡವುವ “ಮೊ”, ಎಲ್ಲವೂ ಇದರಲ್ಲಿವೆ. ಏಳೂ ಸರಿ ಬಂದರೆ ಮುಂದುವರಿಯಿರಿ. “ಮ” ಮತ್ತು “ವು” ಅದಲುಬದಲಾಗಿವೆಯೇ ಎಂಬುದನ್ನೂ ನೋಡಿ. ಹಳೆಯ ಫಾಂಟುಗಳಲ್ಲಿ “ಮ” ಬರೆಯಲು “ವ” ಆಕೃತಿಗೇ ಬಾಲ ಸೇರಿಸುತ್ತಾರೆ, ಪರಿವರ್ತಕ ಅಲ್ಲಿ ಮೋಸಹೋಗುವುದುಂಟು.

ಇನ್ನೊಂದು ಕಳ್ಳ ತಪ್ಪು ಸೊನ್ನೆ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತಿದ್ದರೆ ಎರಡೂ ನೋಡಲು ಒಂದೇ. ಸ್ಕ್ರೀನ್ ರೀಡರ್ ಮಾತ್ರ ಪದದ ನಡುವೆ ಸೊನ್ನೆ ಎಂದು ಓದುತ್ತದೆ. ಕನ್ನಡದ ಸೊನ್ನೆಯನ್ನು ಹುಡುಕಿ, ಪದದೊಳಗೆ ಸಿಕ್ಕಿದ್ದನ್ನೆಲ್ಲ ಅನುಸ್ವಾರವಾಗಿ ತಿದ್ದಿ.

ಅಂಕಿಗಳನ್ನು ಕೊನೆಗೆ ಪ್ರತ್ಯೇಕವಾಗಿ ನೋಡಿ. ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರಮಾಣ, ದಿನಾಂಕ, ದರ ಒಂದೊಂದನ್ನೂ ಬೆರಳಿಟ್ಟು ಹೋಲಿಸಿ. 100 ಲೀಟರ್ 10 ಲೀಟರ್ ಆದರೆ ಪದದ ತಪ್ಪಿನಂತೆ ಊಹಿಸಿ ಸರಿಮಾಡಿಕೊಳ್ಳಲು ಓದುಗರಿಗೆ ದಾರಿಯಿಲ್ಲ.

## ಹಂತ 4: ಭಾಷೆ ಮತ್ತು ರಚನೆ, ಇನ್ನೂ ಮೂಲ ಕಡತದಲ್ಲೇ

ಎಲ್ಲ ಪಠ್ಯವನ್ನೂ ಆಯ್ದು ಭಾಷೆ ಕನ್ನಡ ಎಂದು ಹೇಳಿ. ವರ್ಡ್‌ನಲ್ಲಿ ರಿವ್ಯೂ ಪಟ್ಟಿಯ ಲ್ಯಾಂಗ್ವೇಜ್ ಕೆಳಗೆ ಸಿಗುತ್ತದೆ. ಲಿಬ್ರೆ ಆಫೀಸಿನಲ್ಲಿ ಕನ್ನಡ ಬರುವುದು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ವಿಭಾಗದಲ್ಲಿ. ಸೆಟ್ಟಿಂಗ್‌ನಲ್ಲಿ ಅದನ್ನು ಸಕ್ರಿಯಗೊಳಿಸಿ ಕನ್ನಡ ಆರಿಸಿ. ಹಲವು ಕಂಪ್ಯೂಟರುಗಳಲ್ಲಿ ಅಲ್ಲಿ ಹಿಂದಿ ಕೂತಿರುತ್ತದೆ. ಹಾಗೇ ಬಿಟ್ಟರೆ ಕಡತ ತಾನು ಹಿಂದಿ ಎಂದೇ ಹೇಳಿಕೊಳ್ಳುತ್ತದೆ, ಸ್ಕ್ರೀನ್ ರೀಡರ್ ಹಿಂದಿಯ ಧ್ವನಿ ತೆಗೆಯುತ್ತದೆ. ಇಂಗ್ಲಿಷ್ ಎಂದಿದ್ದರೆ ಕೆಲವು ಧ್ವನಿಗಳು ಕನ್ನಡವನ್ನು ಮೌನವಾಗಿ ದಾಟಿಹೋಗುತ್ತವೆ. ನಡುವೆ ಬರುವ ಇಂಗ್ಲಿಷ್ ವಾಕ್ಯಗಳಿಗೆ ಬೇರೆಯಾಗಿ ಇಂಗ್ಲಿಷ್ ಎಂದು ಗುರುತು ಹಾಕಿ.

ತಲೆಬರಹಕ್ಕೆ ದಪ್ಪ ಅಕ್ಷರ ಹಾಕಿದರೆ ಸಾಲದು, ಹೆಡಿಂಗ್ ಶೈಲಿಯನ್ನೇ ಹಾಕಿ. ಪಟ್ಟಿಗೆ ಕೈಯಿಂದ ಚುಕ್ಕೆ ಇಡಬೇಡಿ, ಪಟ್ಟಿಯ ಗುಂಡಿ ಒತ್ತಿ. ಮಡಿಸುವ ಕರಪತ್ರದ ಎರಡು ಅಂಕಣವನ್ನು ಟ್ಯಾಬ್ ಒತ್ತಿ ಮಾಡಿದ್ದರೆ ಎಡದ ಅರ್ಧ ಸಾಲು, ಬಲದ ಅರ್ಧ ಸಾಲು ಒಂದಕ್ಕೊಂದು ಅಂಟಿ ಕೇಳಿಸುತ್ತವೆ. ತಂತ್ರಾಂಶದ ಕಾಲಂ ಸೌಲಭ್ಯವನ್ನೇ ಬಳಸಿ. ಪಠ್ಯ ಪೆಟ್ಟಿಗೆಗಳನ್ನು ಆದಷ್ಟು ದೂರವಿಡಿ, ಅವು ಓದುವ ಕ್ರಮದಲ್ಲಿ ಎಲ್ಲಿ ಬೇಕಾದರೂ ಬೀಳುತ್ತವೆ.

ಧಾರಣೆಯ ಕೋಷ್ಟಕಕ್ಕೆ ಬನ್ನಿ. ಅಂಕಿಗಳನ್ನು ಸ್ಪೇಸ್ ಒತ್ತಿ ಸಾಲಾಗಿ ನಿಲ್ಲಿಸಿದ್ದರೆ ಕೇಳುವವರಿಗೆ ಬರುವುದು ಬರೀ ಸಂಖ್ಯೆಗಳ ಸುರಿಮಳೆ. ರಾಶಿಯದು ಯಾವುದು, ಬೆಟ್ಟೆಯದು ಯಾವುದು ತಿಳಿಯದು. ನಿಜವಾದ ಕೋಷ್ಟಕ ಮಾಡಿ, ಮೊದಲ ಸಾಲನ್ನು ತಲೆಸಾಲು ಎಂದು ಗುರುತಿಸಿ, ಮನೆಗಳನ್ನು ಒಂದಕ್ಕೊಂದು ಸೇರಿಸಬೇಡಿ. “ಕ್ವಿಂಟಲ್‌ಗೆ ರೂಪಾಯಿಗಳಲ್ಲಿ” ಎಂಬ ಮಾತು ಕೋಷ್ಟಕದ ಕೆಳಗೆ ಮೂಲೆಯಲ್ಲಿದ್ದರೆ ಮೇಲಕ್ಕೆ ತನ್ನಿ. ಕೇಳುವವರಿಗೆ ಅದು ಮೊದಲೇ ಬೇಕು.

ಚಿತ್ರಗಳಿಗೆ, ಅವುಗಳ ಬದಲಿಗೆ ಕೇಳಿಸುವ ಪರ್ಯಾಯ ಪಠ್ಯ ಬರೆಯಿರಿ. “ಅಡಿಕೆಯ ಚಿತ್ರ” ಎಂದರೆ ಏನೂ ಹೇಳಿದಂತಾಗಲಿಲ್ಲ. ಕೊಳೆರೋಗ ತಗುಲಿದ ಕಾಯಿ ಹೇಗಿದೆ ಎಂದು ಒಂದು ವಾಕ್ಯದಲ್ಲಿ ಹೇಳಿ. ಅಲಂಕಾರದ ಬಳ್ಳಿ, ಗೆರೆಗಳನ್ನು ಅಲಂಕಾರಿಕ ಎಂದು ಗುರುತಿಸಿದರೆ ಸಾಕು.

## ಹಂತ 5: ಸರಿಯಾದ ಬಾಗಿಲಿನಿಂದ ಪಿಡಿಎಫ್ ಹೊರತೆಗೆಯಿರಿ

ಪ್ರಿಂಟ್ ಆಜ್ಞೆ ಕೊಟ್ಟು ಪಿಡಿಎಫ್ ಮಾಡಬೇಡಿ. ಮುದ್ರಕಕ್ಕೆ ಬೇಕಾದದ್ದು ಆಕೃತಿ ಮಾತ್ರ, ನೀವು ಹಾಕಿದ ತಲೆಬರಹ, ಕೋಷ್ಟಕದ ಗುರುತುಗಳೆಲ್ಲ ಅಲ್ಲಿ ಉದುರಿಹೋಗುತ್ತವೆ. ವರ್ಡ್‌ನಲ್ಲಿ ಸೇವ್ ಆ್ಯಸ್ ಮೂಲಕ ಪಿಡಿಎಫ್ ಆರಿಸಿ, ಆಪ್ಷನ್ಸ್ ತೆರೆದು ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಗುರುತು ಇದೆಯೇ ನೋಡಿ. ಅಲ್ಲೇ ಇರುವ ಬಿಟ್‌ಮ್ಯಾಪ್ ಟೆಕ್ಸ್ಟ್ ಆಯ್ಕೆಯನ್ನು ತೆಗೆಯಿರಿ, ಇಲ್ಲದಿದ್ದರೆ ಅಳವಡಿಸಲಾಗದ ಫಾಂಟಿನ ಅಕ್ಷರಗಳು ಚಿತ್ರವಾಗಿಬಿಡುತ್ತವೆ. ಲಿಬ್ರೆ ಆಫೀಸಿನಲ್ಲಿ ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್ ಒಳಗೆ ಟ್ಯಾಗ್ಡ್ ಪಿಡಿಎಫ್ ಮತ್ತು ಯೂನಿವರ್ಸಲ್ ಆ್ಯಕ್ಸೆಸಿಬಿಲಿಟಿ ಎರಡನ್ನೂ ಆರಿಸಿ.

ಹೊರಬಂದ ಪಿಡಿಎಫ್‌ನಿಂದ ಮತ್ತೆ ಒಂದು ಸಾಲು ನೋಟ್‌ಪ್ಯಾಡಿಗೆ ನಕಲಿಸಿ. “ಹಳಿ್ಳ” ಕಾಯಿಲೆ ಇಲ್ಲಿ ಕಾಣಿಸಿಕೊಂಡರೆ ಮೊದಲು ಫಾಂಟ್ ಬದಲಿಸಿ ನೋಡಿ, ಆಮೇಲೆ ತಂತ್ರಾಂಶ ಬದಲಿಸಿ. ವರ್ಡ್‌ನಲ್ಲಿ ಕೆಟ್ಟದ್ದು ಲಿಬ್ರೆ ಆಫೀಸಿನಲ್ಲಿ ಸರಿಬರುವುದುಂಟು. ಒಂದೆರಡು ತಲೆಬರಹ ಮಾತ್ರ ಹಟ ಹಿಡಿದರೆ ಅಕ್ರೊಬ್ಯಾಟ್ ಪ್ರೊನ ಟ್ಯಾಗ್ಸ್ ಫಲಕದಲ್ಲಿ ಆ ಅಂಶದ ಪ್ರಾಪರ್ಟೀಸ್ ತೆರೆದು ಆ್ಯಕ್ಚುಯಲ್ ಟೆಕ್ಸ್ಟ್ ಜಾಗದಲ್ಲಿ ಸರಿಯಾದ ಪದ ಬರೆಯಬಹುದು. ಇಡೀ ಕಡತಕ್ಕೆ ಈ ತೇಪೆ ಹಾಕಬೇಡಿ. ಎಲ್ಲ ತಂತ್ರಾಂಶಗಳೂ ಅದನ್ನು ಗಮನಿಸುವುದಿಲ್ಲ, ಮುಂದಿನ ತಿದ್ದುಪಡಿಯಲ್ಲಿ ಎಲ್ಲವೂ ಕೈತಪ್ಪುತ್ತದೆ.

ನನ್ನ ಸಲಹೆ, ಪಿಡಿಎಫ್ ಪಕ್ಕದಲ್ಲಿ ಅದೇ ಪಠ್ಯದ ವರ್ಡ್ ಅಥವಾ ಇ-ಪಬ್ (ಇ-ಪುಸ್ತಕದ ರೂಪ) ಪ್ರತಿಯನ್ನೂ ಹಾಕಿ. ಕನ್ನಡದ ಮಟ್ಟಿಗೆ ಅವು ಪಿಡಿಎಫ್‌ಗಿಂತ ನಂಬಿಕಸ್ಥ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಡಿ 2017ರಲ್ಲಿ ಬಂದ ನಿಯಮಗಳೂ ಜಾಲತಾಣದ ದಾಖಲೆಗಳಿಗೆ ಇ-ಪಬ್ ಅನ್ನು ಒಪ್ಪಿದ ರೂಪವಾಗಿ ಹೆಸರಿಸಿದ್ದವು. 

## ಹಂತ 6: ಮೂಲ ಸಿಗದಿದ್ದರೆ

ಐದಾರು ಪುಟದೊಳಗಿನ ಪತ್ರವಾದರೆ ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಿ. ಬೇರೆಲ್ಲ ದಾರಿಗಿಂತ ಬೇಗ ಮುಗಿಯುತ್ತದೆ.

ದೊಡ್ಡ ದಾಖಲೆಗೆ ಅಕ್ಷರ ಗುರುತಿಸುವ ಒಸಿಆರ್ ಬೇಕು. 300 ಡಿಪಿಐನಲ್ಲಿ ನೇರವಾಗಿ ಸ್ಕ್ಯಾನ್ ಮಾಡಿ. ಮಳೆಗಾಲದಲ್ಲಿ ತೇವ ಹಿಡಿದು ಶಾಯಿ ಹರಡಿದ ಕಾಗದವನ್ನು ಒಣಗಿಸಿ, ಚಪ್ಪಟೆ ಮಾಡಿಕೊಂಡೇ ಇಡಿ. ಟೆಸೆರಾಕ್ಟ್ ಎಂಬ ಒಸಿಆರ್ ತಂತ್ರಾಂಶ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಕೊಡಬಹುದು. ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಪಠ್ಯ ಬರುತ್ತದೆ, ಆದರೆ ಆಧಾರ್ ಸಂಖ್ಯೆ, ಬ್ಯಾಂಕ್ ವಿವರವಿರುವ ದಾಖಲೆಯನ್ನು ಹಾಗೆ ಹೊರಗೆ ಕಳಿಸಬೇಡಿ.

ಆಸ್ಕಿ ಫಾಂಟಿನ ಪಿಡಿಎಫ್ ಅನ್ನು ನೇರವಾಗಿ ಒಸಿಆರ್‌ಗೆ ಕೊಟ್ಟರೆ “ಇಲ್ಲಿ ಈಗಾಗಲೇ ಪಠ್ಯವಿದೆ” ಎಂದು ತಂತ್ರಾಂಶ ನಿರಾಕರಿಸಬಹುದು. ಪುಟಗಳನ್ನು ಚಿತ್ರವಾಗಿ ಉಳಿಸಿ ಆಮೇಲೆ ಕೊಡಿ. ಫಲಿತಾಂಶವನ್ನು ಓದದೆ ಬಿಡಬೇಡಿ: ದ, ಧ, ಥ ಒಂದಕ್ಕೊಂದು ಬೆರೆಯುತ್ತವೆ, ಪಕಾರ ಷಕಾರವಾಗುತ್ತದೆ, ಸಣ್ಣ ಒತ್ತುಗಳು ಮಾಯವಾಗುತ್ತವೆ. ಪಠ್ಯ ಸಿದ್ಧವಾದ ಮೇಲೆ ಹಂತ 4ಕ್ಕೆ ಮರಳಿ.

## ಹಂತ 7: ಕಿವಿಯಿಂದ ಪರೀಕ್ಷಿಸಿ

ಪ್ಯಾಕ್ ಓಡಿಸಿ, ತಪ್ಪು ತೋರಿಸಿದರೆ ತಿದ್ದಿ. ಆದರೆ ಅದರ ಹಸಿರು ಗುರುತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಗೊತ್ತಿರಲಿ. ಪ್ರತಿ ಆಕೃತಿಗೂ ಒಂದು ಅಕ್ಷರ ಸಂಕೇತ ಇದೆಯೇ ಎಂದು ಅದು ನೋಡುತ್ತದೆ. ಆಸ್ಕಿ ಫಾಂಟಿನ “ಶಿ”ಗೂ ಸಂಕೇತ ಇದೆ, ಮೇಲೇರಿದ ಎರಡು. ಪರೀಕ್ಷಕಕ್ಕೆ ಅದರಲ್ಲಿ ದೋಷವೇ ಕಾಣುವುದಿಲ್ಲ. ಆರಂಭದಲ್ಲಿ ಹೇಳಿದ “ಎಲ್ಲ ಹಸಿರು, ಆದರೂ ಕಸ” ಎಂಬ ದೂರಿನ ಬೇರು ಇಲ್ಲಿದೆ.

ಎನ್‌ವಿಡಿಎ ತೆರೆದು ಧ್ವನಿಯ ಸೆಟ್ಟಿಂಗ್‌ನಲ್ಲಿ ಭಾಷೆಗೆ ತಕ್ಕಂತೆ ತಾನೇ ಬದಲಾಗುವ ಆಯ್ಕೆಯನ್ನು ಗುರುತು ಮಾಡಿ. ಟೂಲ್ಸ್ ಪಟ್ಟಿಯಲ್ಲಿರುವ ಸ್ಪೀಚ್ ವ್ಯೂವರ್ ತೆರೆದರೆ ಅದು ಆಡುವ ಮಾತೆಲ್ಲ ಬರಹದಲ್ಲೂ ಕಾಣುತ್ತದೆ. ಅಭ್ಯಾಸವಿಲ್ಲದವರಿಗೆ ಬಹಳ ಸಹಾಯ. ಇನ್ಸರ್ಟ್ ಜೊತೆ ಕೆಳಬಾಣ ಒತ್ತಿ ಪೂರ್ತಿ ಕೇಳಿ. ಎಚ್ ಒತ್ತಿದಾಗ ತಲೆಬರಹದಿಂದ ತಲೆಬರಹಕ್ಕೆ ಹೋಗಬೇಕು, ಟಿ ಒತ್ತಿದಾಗ ಕೋಷ್ಟಕ ಸಿಗಬೇಕು. ಕೋಷ್ಟಕದೊಳಗೆ ಕಂಟ್ರೋಲ್, ಆಲ್ಟ್ ಜೊತೆ ಬಾಣ ಒತ್ತಿ ಸರಿದಾಗ ದರದ ಜೊತೆಗೆ ಅದು ಯಾವ ಅಂಕಣದ್ದೆಂದು ಕೇಳಿಸಬೇಕು. ಅದೇ ಕಡತವನ್ನು ಮೊಬೈಲ್‌ಗೆ ಕಳಿಸಿ, ಆಂಡ್ರಾಯ್ಡ್ ಫೋನಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್‌ನಲ್ಲೂ ಕೇಳಿ, ಏಕೆಂದರೆ ಊರಿನ ಓದುಗರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲ್.

ಇಲ್ಲಿ ಗಮನಿಸಬೇಕಾದ ಅಪಾಯದ ಸೂಚನೆಗಳು: ಕನ್ನಡದ ಪುಟದಲ್ಲಿ ಧ್ವನಿ ಇಂಗ್ಲಿಷ್ ಅಕ್ಷರ ಹೆಸರಿಸುವುದು; ಪದದ ನಡುವೆ ಸೊನ್ನೆ ಅಥವಾ ಗುಣಿತದ ಹೆಸರು ಬಿಡಿಯಾಗಿ ಕೇಳಿಸುವುದು; ಒಂದು ಪ್ಯಾರಾ ಪೂರ್ತಿ ಮೌನ; ಅಡಿಬರಹ ವಾಕ್ಯದ ಮಧ್ಯೆ ನುಗ್ಗುವುದು. ಯಾವುದು ಕೇಳಿಸಿದರೂ ಹಂತ 1ಕ್ಕೆ ಹೋಗಿ ಆ ಸಾಲನ್ನೇ ನಕಲಿಸಿ ನೋಡಿ.

ಕೊನೆಗೆ ಸ್ಕ್ರೀನ್ ರೀಡರ್ ದಿನವೂ ಬಳಸುವ ಒಬ್ಬರಿಗೆ ಕಡತ ಕೊಡಿ. “ಸರಿಯಾಗಿದೆಯೇ?” ಎಂದು ಕೇಳಿದರೆ ಸೌಜನ್ಯಕ್ಕೆ ಹೌದು ಎನ್ನುತ್ತಾರೆ. “ಎಷ್ಟು ನೀರಿಗೆ ಎಷ್ಟು ಮೈಲುತುತ್ತ ಎಂದಿದೆ? ಬೆಟ್ಟೆಯ ಗರಿಷ್ಠ ದರ ಎಷ್ಟು?” ಎಂದು ಕೇಳಿ. ಉತ್ತರ ತಡವರಿಸಿದ ಜಾಗದಲ್ಲಿ ನಿಮ್ಮ ಕಡತ ಇನ್ನೂ ತಿದ್ದಬೇಕಾಗಿದೆ.

ಅವರು ಸರಿ ಎಂದ ಪ್ರತಿಯನ್ನು ಹಳೆಯ ಕೊಂಡಿಯಲ್ಲೇ ಏರಿಸಿ, ಕೆಟ್ಟ ಪ್ರತಿಯನ್ನು ತೆಗೆದುಹಾಕಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆಯದು ಹರಿದಾಡುತ್ತಿರುತ್ತದೆ, ಆದ್ದರಿಂದ ಹೊಸ ಕಡತದ ಹೆಸರಿನಲ್ಲೂ ಮೊದಲ ಸಾಲಿನಲ್ಲೂ ತಿದ್ದಿದ ದಿನಾಂಕ ಬರೆದು ಅಲ್ಲಿಗೂ ಕಳಿಸಿ. ಯೂನಿಕೋಡಿನ ಮೂಲ ಕಡತವನ್ನು ಕಚೇರಿಯ ಕಂಪ್ಯೂಟರಿನಲ್ಲಿ, ಪಿಡಿಎಫ್ ಇರುವ ಫೋಲ್ಡರಿನಲ್ಲೇ ಉಳಿಸಿಡಿ.